ಕರೆಂಟ್ ಹೋದ ರಾತ್ರಿ ಮೀನಿನ ಟ್ಯಾಂಕಿನ ಅರ್ಧ ನೀರು ನೆಲಕ್ಕೆ, ಈಗ ಮನೆಯ ಹಾಲ್ ಪೂರಾ ವಾಸನೆ, ಎಂತ ಮಾಡುದು?

ಪ್ರಶ್ನೆ (ಮಂಗಳೂರಿನ ಬಿಜೈ): ಅಣ್ಣ ನಮಸ್ತೆ, ನಮ್ಮದು ಎರಡನೇ ಮಾಳಿಗೆಯ ಫ್ಲ್ಯಾಟ್, ಹಾಲಲ್ಲಿ 2 ಅಡಿಯ ಟ್ಯಾಂಕ್ ಉಂಟು, 4 ಗೋಲ್ಡ್ ಫಿಶ್. ಶುಕ್ರವಾರ ರಾತ್ರಿ ಗುಡುಗು ಮಳೆಗೆ ಕರೆಂಟ್ ಹೋಯ್ತು, ನಾವು ಮಲಗಿ ಆಗಿತ್ತು. ಬೆಳಿಗ್ಗೆ ನೋಡಿದ್ರೆ ಟ್ಯಾಂಕಲ್ಲಿ ಅರ್ಧ ನೀರು, ಮತ್ತರ್ಧ ಸೋಫಾದ ಅಡಿಗೆ, ಟಿವಿ ಯುನಿಟಿನ ಅಡಿಗೆಲ್ಲ ಹೋಗಿದೆ. ಗ್ಲಾಸ್ ಎಲ್ಲೂ ಒಡೀಲಿಲ್ಲ. ವೈಪರಲ್ಲಿ ಎಳೆದು ಬೈರಾಸಲ್ಲಿ ಒರೆಸಿ ಕಿಟಕಿ ತೆರೆದು ಫ್ಯಾನ್ ಹಾಕಿದ್ದೇವೆ, ಆದ್ರೆ ನಾಲ್ಕು ದಿನ ಆಯ್ತು, ಕೆಸರಿನ ಹಾಗಿನ ವಾಸನೆ ಹೋಗುದೇ ಇಲ್ಲ. ನೆಲ ಟೈಲ್ಸ್ ಮೇಲೆ ಲ್ಯಾಮಿನೇಟ್ ಹಲಗೆ ಕೂರಿಸಿದ್ದು. ಕೆಳಗಿನ ಮನೆಯವರ ಸೀಲಿಂಗಲ್ಲಿ ಕೂಡ ಒದ್ದೆ ಕಲೆ ಬಂದಿದೆ ಅಂತೆ, ನಂಗೆ ಮಂಡೆಬಿಸಿ. ನೀರು ಹೋದದ್ದು ಎಲ್ಲಿಂದ?

ಉತ್ತರ (ಟ್ಯಾಂಕ್ ಸೆಟ್ಟಿಂಗ್, ಸರ್ವಿಸ್ ಮಾಡುವವರು): ಅಕ್ಕ, ನೀರಿಗೆ ಗಾಳಿ ಬಿಡುವ ಏರ್ ಪಂಪ್ ಇಟ್ಟದ್ದು ಎಲ್ಲಿ?

ಬಿಜೈ: ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ, ಎಕ್ಸ್‌ಟೆನ್ಶನ್ ಬೋರ್ಡಿನ ಪಕ್ಕ.

ಉತ್ತರ: ಹಾಗಾದ್ರೆ ಅಲ್ಲಿಂದಲೇ ಅಕ್ಕ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದು ಕರೆಂಟ್ ಹೋದ್ರೆ ಗಾಳಿಯ ಒತ್ತಡ ನಿಂತು ಅದೇ ಸಪೂರ ಪೈಪಲ್ಲಿ ನೀರು ಹಿಂದೆ ಬರ್ತದೆ, ಒಮ್ಮೆ ಅಂಚು ದಾಟಿ ಕೆಳಗೆ ಇಳಿಲಿಕ್ಕೆ ಶುರುವಾದ್ರೆ ಮತ್ತೆ ಯಾರೂ ಎಳೆಯುದು ಬೇಡ, ತನ್ನಷ್ಟಕ್ಕೇ ಇಳೀತಾ ಇರ್ತದೆ. ಪೈಪಿನ ತುದಿಯಲ್ಲಿ ಬಬಲ್ಸ್ ಬಿಡುವ ಏರ್ ಸ್ಟೋನ್ ನೀರಿನ ನಡುವಲ್ಲಿ ನೇತಾಡ್ತಾ ಇದ್ದಿರಬೇಕು, ಅದಕ್ಕೇ ಅರ್ಧಕ್ಕೆ ನಿಂತದ್ದು, ತಳದಲ್ಲಿ ಇದ್ದಿದ್ರೆ ಮೀನು ಉಳೀತಿರ್ಲಿಲ್ಲ. ಉದ್ದ 2, ಅಗಲ 1, ಎತ್ತರ 1 ಅಡಿಯ ಟ್ಯಾಂಕ್ ತುಂಬಿದ್ರೆ ಹೆಚ್ಚುಕಡಿಮೆ 56 ಲೀಟರ್, ಅಂದ್ರೆ ನಿಮ್ಮ ನೆಲಕ್ಕೆ ಒಂದು 25 ಲೀಟರ್ ಹೋಗಿದೆ. ಇನ್ನು ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಪೈಪಿನ ನಡುವೆ ನೀರು ಹಿಂದೆ ಬಾರದ ಹಾಗೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿ. ಅಂಗಡಿಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗ್ತದೆ, ಬಾಯಲ್ಲಿ ಊದಿ ನೋಡಿ, ಗಾಳಿ ಟ್ಯಾಂಕಿನ ಕಡೆಗೆ ಮಾತ್ರ ಹೋಗ್ಬೇಕು, ಉಲ್ಟಾ ಹಾಕಿದ್ರೆ ಬಬಲ್ಸ್ ಬರುದೇ ಇಲ್ಲ.

ಬೋರ್ಡಿನ ವಿಷಯ ನಂಗೆ ಹೆಚ್ಚು ಹೆದರಿಕೆ. ಒದ್ದೆ ಆದ ಪಂಪ್, ಒದ್ದೆ ಆದ ಬೋರ್ಡ್ ಎರಡನ್ನೂ ತಿರುಗಿ ಬಳಸ್ಬೇಡಿ. ನೆಲದಲ್ಲಿ ನೀರು ಕಂಡ ಕೂಡ್ಲೇ ಅದಕ್ಕೆ ಕಾಲು ಹಾಕುದಲ್ಲ, ಮೊದಲು ಮೈನ್ ಆಫ್ ಮಾಡುದು. ಹೊಸ ಬೋರ್ಡನ್ನು ಗೋಡೆಗೆ ಎತ್ತರದಲ್ಲಿ ಹೊಡೆಸಿ, ವಯರು ಪ್ಲಗ್ಗಿಂದ ಕೆಳಗೆ ಇಳಿದು ಮತ್ತೆ ಮೇಲೆ ಟ್ಯಾಂಕಿಗೆ ಹೋಗುವ ಹಾಗೆ ಬಿಡಿ, ಆಗ ವಯರಲ್ಲಿ ಬಂದ ನೀರು ಆ ಬಗ್ಗಿದ ಜಾಗದಿಂದ ಕೆಳಗೆ ಬೀಳ್ತದೆ, ಪ್ಲಗ್ಗಿಗೆ ಹೋಗುದಿಲ್ಲ. ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತನ್ನಷ್ಟಕ್ಕೇ ಆಫ್ ಆಗುವ ಸ್ವಿಚ್) ಉಂಟಾ ಅಂತ ಕೂಡ ಇಲೆಕ್ಟ್ರಿಷಿಯನ್ ಹತ್ರ ಕೇಳಿ.

ವಾಸನೆಗೆ ಕಾರಣ ನೀವು ಒರೆಸಿದ ನೀರಲ್ಲ ಅಕ್ಕ, ಹಲಗೆಯ ಅಡಿಯಲ್ಲಿ ಕೂತ ನೀರು. ಟ್ಯಾಂಕಿನ ನೀರು ಬಾವಿ ನೀರಿನ ಹಾಗೆ ಅಲ್ಲ, ಮೀನಿನ ಹೇಲು, ಉಳಿದ ಫುಡ್ಡು ಎಲ್ಲ ಇರ್ತದೆ, ಅಡಿಯಲ್ಲಿ ಕೊಳೀತದೆ, ಒಂದೆರಡು ದಿನ ಒದ್ದೆ ಇದ್ರೆ ಬೂಷ್ಟು ಸುರು. ಗೋಡೆ ಬದಿಯ ಸ್ಕರ್ಟಿಂಗ್ ಪಟ್ಟಿ ತೆಗೆಸಿ ಅಲ್ಲಿಂದ ಎರಡ್ಮೂರು ಸಾಲು ಹಲಗೆ ಎಬ್ಬಿಸಿ ನೋಡ್ಲೇಬೇಕು. ಉಬ್ಬಿದ ಹಲಗೆ ಒಣಗಿಸಿದ್ರೂ ಸಮ ಆಗುದಿಲ್ಲ, ಅದು ಬದಲಾಯಿಸುದೇ. ಅಡಿಯ ಫೋಮ್ ಶೀಟ್ ಬಿಸಾಡಿ, ಟೈಲ್ಸನ್ನು ಸೋಪು ನೀರಲ್ಲಿ ತಿಕ್ಕಿ ಎರಡು ಸಲ ಬರೀ ನೀರಲ್ಲಿ ಒರೆಸಿ. ಕೈಯಲ್ಲಿ ಗಾಯ ಇದ್ರೆ ಗ್ಲೌಸ್ ಹಾಕಿ, ಮೀನಿನ ನೀರಿಂದ ಚರ್ಮಕ್ಕೆ ಇನ್ಫೆಕ್ಷನ್ ಆಗುದುಂಟು. ಬ್ಲೀಚ್ ಮತ್ತೆ ವಿನೆಗರ್ ಒಟ್ಟಿಗೆ ಹಾಕ್ಲೇಬೇಡಿ, ಕ್ಲೋರಿನ್ ಗ್ಯಾಸ್ ಬರ್ತದೆ.

ಮತ್ತೆ ಕಿಟಕಿ. ಜೂನಿಂದ ಸೆಪ್ಟೆಂಬರ್ ತನಕ ನಮ್ಮ ಊರಲ್ಲಿ ಬಟ್ಟೆಯೇ ಒಣಗುದಿಲ್ಲ, ಮಳೆ ಬರುವಾಗ ಕಿಟಕಿ ತೆರೆದ್ರೆ ಹೊರಗಿನ ತೇವ ಒಳಗೆ ಬರುದಷ್ಟೇ. ಕಿಟಕಿ ಹಾಕಿ, ಏಸಿ ಇದ್ರೆ ಡ್ರೈ ಮೋಡಲ್ಲಿ ಇಟ್ಟು, ಟೇಬಲ್ ಫ್ಯಾನನ್ನು ನೆಲಕ್ಕೇ ತಿರುಗಿಸಿ ಬಿಡಿ. ಬಿಸಿಲು ಬಂದಾಗ ಮಾತ್ರ ತೆರೀರಿ. ಒಣಗಿತಾ ಅಂತ ನೋಡ್ಲಿಕ್ಕೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ತುಂಡನ್ನು ನೆಲಕ್ಕೆ ನಾಲ್ಕು ಬದಿ ಟೇಪ್ ಹಾಕಿ ಒಂದು ದಿನ ಬಿಡಿ, ಅಡಿಯಲ್ಲಿ ಹನಿ ಕಂಡ್ರೆ ಹಲಗೆ ಕೂರಿಸ್ಲಿಕ್ಕೆ ಆಗಿಲ್ಲ.

ಪ್ರಶ್ನೆ (ಉಡುಪಿ): ಸರ್, ನಮ್ಮ 3 ಅಡಿ ಟ್ಯಾಂಕಿನ ಮೂಲೆಯಲ್ಲಿ ಹನಿ ಹನಿ ಬರ್ತಾ ಉಂಟು. ಹೊರಗಿಂದ ಎಂಸೀಲ್ ಮೆತ್ತಿದ್ರೆ ಸಾಕಲ್ವಾ?

ಉತ್ತರ: ಸಾಕಾಗುದಿಲ್ಲ. ನೀರು ಒಳಗಿಂದ ದೂಡ್ತದೆ, ನೀವು ಹೊರಗಿಂದ ಎಷ್ಟು ಮೆತ್ತಿದ್ರೂ ಅದನ್ನು ದೂಡಿಕೊಂಡೇ ಬರ್ತದೆ. ಮೀನನ್ನು ಅದೇ ನೀರಿನ ಟಬ್ಬಿಗೆ ಹಾಕಿ ಟ್ಯಾಂಕ್ ಖಾಲಿ ಮಾಡಿ, ಗ್ಲಾಸ್ ಅಂಟಿಸಿದ ಒಳಗಿನ ಹಳೆ ಸಿಲಿಕೋನ್ ಬ್ಲೇಡಲ್ಲಿ ಪೂರಾ ಕೆತ್ತಿ ತೆಗೀಬೇಕು, ಯಾಕಂದ್ರೆ ಹೊಸ ಸಿಲಿಕೋನ್ ಹಳೆಯದಕ್ಕೆ ಸರಿ ಹಿಡಿಯುದಿಲ್ಲ. ಅಕ್ವೇರಿಯಂ ಸಿಲಿಕೋನೇ ಹಾಕಿ, ಬಾತ್‌ರೂಮಿನದ್ದರಲ್ಲಿ ಬೂಷ್ಟಿಗೆ ಮದ್ದು ಇರ್ತದೆ, ಮೀನಿಗೆ ವಿಷ. ಈ ಮಳೆಗಾಲದಲ್ಲಿ ಕಮ್ಮಿ ಅಂದ್ರೆ 3 ದಿನ ಒಣಗ್ಲಿಕ್ಕೆ ಬಿಟ್ಟು, ಜಗಲಿಯಲ್ಲೋ ಅಂಗಳದಲ್ಲೋ ಸಮತಟ್ಟಾದ ಕಡೆ ಇಟ್ಟು ನೀರು ತುಂಬಿ ಒಂದು ದಿನ ನೋಡಿ. ತಿರುಗಿ ಕೂರಿಸುವಾಗ ಸ್ಟ್ಯಾಂಡಿಗೆ ರಸಮಟ್ಟ ಇಡಿ. ಒಂದು ಕಾಲು ತಗ್ಗಿದ್ರೂ ಅದೇ ಮೂಲೆ ಮತ್ತೆ ಬಿಡ್ತದೆ.

ಪ್ರಶ್ನೆ (ಮಣಿಪಾಲ): ಅಣ್ಣ, ನೀರು ಬದಲಿಸುವಾಗ ಪ್ರತಿ ಸಲ ಬಕೆಟ್ ತುಂಬಿ ಚೆಲ್ತದೆ.

ಉತ್ತರ: ಪೈಪ್ ಬಿಟ್ಟು ಏಳ್ಬೇಡ, ಫೋನ್ ಬಂದ್ರೂ ಏಳ್ಬೇಡ. ಬಕೆಟಿಗೆ ಮುಕ್ಕಾಲಲ್ಲಿ ಮಾರ್ಕರ್ ಗೆರೆ ಹಾಕು, ಪೈಪಿನ ತುದಿಯನ್ನು ಬಟ್ಟೆ ಕ್ಲಿಪ್ಪಲ್ಲಿ ಅಂಚಿಗೆ ಹಿಡಿಸು.

ಬಿಜೈ: ಅಣ್ಣ, ಹಲಗೆ ಎಬ್ಬಿಸಿದೆವು, ಅಡಿ ಪೂರಾ ಕಪ್ಪು. ಕೆಳಗಿನವರಿಗೆ ನಾಳೆಯೇ ಪೇಂಟ್ ಹೊಡೆಸಿ ಕೊಡ್ಲಾ?

ಉತ್ತರ: ನಾಳೆ ಬೇಡ ಅಕ್ಕ, ಒದ್ದೆ ಸ್ಲ್ಯಾಬಿಗೆ ಪೇಂಟ್ ಹೊಡೆದ್ರೆ ಗುಳ್ಳೆ ಬಂದು ಉದುರ್ತದೆ. ಹೋಗಿ ಮಾತಾಡಿ ಬನ್ನಿ, ‘ಒಣಗಿದ ಮೇಲೆ ನಾನೇ ಮಾಡಿಸಿ ಕೊಡ್ತೇನೆ’ ಅಂತ ಅವರಿಗೆ ಹೇಳಿ. ಕಲೆಯ ಸುತ್ತ ಪೆನ್ಸಿಲಲ್ಲಿ ಗೆರೆ ಎಳೆದು ಬನ್ನಿ, ಗೆರೆ ದಾಟಿ ಹೊರಗೆ ಬಂದ್ರೆ ಇನ್ನೂ ನೀರು ಇಳೀತಾ ಉಂಟು ಅಂತ ಲೆಕ್ಕ, ಆಗ ನಂಗೆ ಫೋಟೋ ಹಾಕಿ.