ಕ್ಲೈಂಟ್ ಎದ್ದು ಹೋದ್ರೆ ಸರ್ವರ್ ಸದ್ದಿಲ್ಲದೆ ಸಾಯ್ತಿದೆ (ಸಿ, ಲಿನಕ್ಸ್)

ಹೊಸಬ_ಸಿ:
ಎಲ್ಲರಿಗೂ ನಮಸ್ಕಾರ. ಉಬುಂಟುನಲ್ಲಿ ಸಣ್ಣದೊಂದು ಚಾಟ್ ಸರ್ವರ್ ಬರೀತಿದೀನಿ, ಪೋಲ್ (ಯಾವ ಸಾಕೆಟ್‌ನಲ್ಲಿ ಓದೋಕೆ ಇದೆ ಅಂತ ಹೇಳೋ ಕರೆ) ಬಳಸಿ. ಮೂರು ಕ್ಲೈಂಟ್ ಇದ್ದಾಗ ಒಂದರಲ್ಲಿ ಕಂಟ್ರೋಲ್-ಸಿ ಒತ್ತಿದ್ರೆ ಸರ್ವರ್ ಸ್ಕ್ರೀನ್ ತುಂಬ "ರಿಸೀವ್: ಸಕ್ಸೆಸ್" ಅಂತ ಸಾಲು ಸಾಲಾಗಿ ಉರುಳುತ್ತೆ. ಸಕ್ಸೆಸ್ ಆಗಿದ್ರೆ ಎರರ್ ಯಾಕೆ ಮಾರಾಯ್ರೇ! ಆಮೇಲೆ ಉಳಿದವರು ಒಂದು ಮೆಸೇಜ್ ಹಾಕಿದ್ರೆ ಏನೂ ಆಗಲ್ಲ, ಎರಡನೇದಕ್ಕೆ ಸರ್ವರ್ರೇ ಮಾಯ. ಸೆಗ್‌ಫಾಲ್ಟ್ ಅಂತಲೂ ಬರಲ್ಲ. ಸೆಂಡ್ ಮೈನಸ್ 1 ಕೊಟ್ಟರೆ ಪ್ರಿಂಟ್ ಮಾಡು ಅಂತ ಬರೆದಿದೀನಿ, ಆ ಸಾಲಿಗೆ ಬರೋದೇ ಇಲ್ಲ.

ಹಳೇಸಾಕೆಟ್:
ಸತ್ತ ಕೂಡಲೇ ಅದೇ ಟರ್ಮಿನಲ್‌ನಲ್ಲಿ ಎಕೋ ಬರೆದು ಡಾಲರ್ ಚಿಹ್ನೆ, ಪ್ರಶ್ನೆ ಚಿಹ್ನೆ ಹಾಕಿ ಎಂಟರ್ ಒತ್ತಿ. ಎಷ್ಟು ಬಂತು?

ಹೊಸಬ_ಸಿ:
141.

ಹಳೇಸಾಕೆಟ್:
ಹಾಗಾದ್ರೆ ಕಳ್ಳ ಸಿಕ್ಕ. ಸಿಗ್ನಲ್‌ನಿಂದ ಸತ್ತ ಪ್ರೋಗ್ರಾಂಗೆ ಶೆಲ್ 128ಕ್ಕೆ ಆ ಸಿಗ್ನಲ್ ಸಂಖ್ಯೆ ಸೇರಿಸಿ ತೋರಿಸುತ್ತೆ, 141 ಅಂದ್ರೆ 128 + 13. ಲಿನಕ್ಸ್‌ನಲ್ಲಿ 13ನೇ ಸಿಗ್ನಲ್ ಸಿಗ್‌ಪೈಪ್, ಮುರಿದ ಸಂಪರ್ಕಕ್ಕೆ ಬರೆಯೋಕೆ ಹೋದಾಗ ಬರೋದು.

ಸೆಂಡ್ ಸರಿಯಾಯ್ತು ಅಂದ್ರೆ ಡೇಟಾ ಆ ಕಡೆ ತಲುಪಿತು ಅಂತಲ್ಲ, ಕರ್ನಲ್ ತನ್ನ ಬಫರ್‌ಗೆ ತಗೊಂಡಿತು ಅಂತ ಅಷ್ಟೇ. ಅದಕ್ಕೇ ಮೊದಲನೇ ಮೆಸೇಜ್ ಸುಮ್ಮನೆ ಹೋಯ್ತು. ಆ ಕಡೆ ಕೇಳೋರಿಲ್ಲ, ರೀಸೆಟ್ (ಸಂಪರ್ಕ ಇಲ್ಲ ಅನ್ನೋ ಉತ್ತರ) ವಾಪಸ್ ಬಂತು. ಎರಡನೇ ಸೆಂಡ್‌ಗೆ ಕರ್ನಲ್ ಸಿಗ್‌ಪೈಪ್ ಕಳಿಸಿತು. ಅದನ್ನ ಹಿಡಿಯದಿದ್ರೆ ಪ್ರೋಗ್ರಾಂ ಅಲ್ಲೇ ಸಾಯುತ್ತೆ. ಸೆಂಡ್ ವಾಪಸ್ಸೇ ಬರಲ್ಲ, ಇನ್ನು ನಿಮ್ಮ ಇಫ್ ಎಲ್ಲಿ ಓಡುತ್ತೆ?

ಸೆಂಡ್‌ನ ನಾಲ್ಕನೇ ಜಾಗದಲ್ಲಿ ಸೊನ್ನೆ ಬದಲು ನೋ-ಸಿಗ್ನಲ್ ಫ್ಲ್ಯಾಗ್ ಹಾಕಿ. ಆಗ ಮೈನಸ್ 1 ಬರುತ್ತೆ, ಎರ್‌ನೋ (ಕೊನೇ ಎರರ್ ಸಂಖ್ಯೆ ಇಡೋ ವೇರಿಯಬಲ್) 32, ಅಂದ್ರೆ ಈ-ಪೈಪ್. ರೈಟ್ ಬಳಸ್ತಿದ್ರೆ ಅದಕ್ಕೆ ಫ್ಲ್ಯಾಗ್ ಇಲ್ಲ, ಮೇನ್ ಶುರುವಲ್ಲೇ ಸಿಗ್‌ಪೈಪ್ ಇಗ್ನೋರ್ ಮಾಡಬೇಕು.

ಇನ್ನು ಆ "ಸಕ್ಸೆಸ್". ರಿಸೀವ್ ಸೊನ್ನೆ ಕೊಟ್ಟರೆ ಅದು ಎರರ್ ಅಲ್ಲ, ಆ ಕಡೆಯವರು ಮಾತು ಮುಗಿಸಿದ್ರು ಅಂತ. ಎರ್‌ನೋ ನೋಡಬೇಕಾದ್ದು ಮೈನಸ್ 1 ಬಂದಾಗ ಮಾತ್ರ. ನೀವು ಬಹುಶಃ "ಸೊನ್ನೆ ಅಥವಾ ಕಮ್ಮಿ" ಅಂತ ಒಂದೇ ಇಫ್‌ನಲ್ಲಿ ಪಿ-ಎರರ್ (ಎರ್‌ನೋವನ್ನ ಮಾತಲ್ಲಿ ಪ್ರಿಂಟ್ ಮಾಡೋದು) ಕರೆದಿದೀರಿ. ನಾನೂ ಇದೇ ತಪ್ಪು ಮಾಡಿ, "ಫೈಲ್ ಇಲ್ಲ" ಅನ್ನೋ ಎರರ್ ನೆಟ್‌ವರ್ಕ್ ಕೋಡ್‌ನಲ್ಲಿ ಯಾಕೆ ಬರುತ್ತೆ ಅಂತ ಒಂದಿಡೀ ಸಂಜೆ ತಲೆ ಕೆರ್ಕೊಂಡಿದ್ದೆ. ಶುರುವಲ್ಲಿ ಕಾನ್ಫಿಗ್ ಫೈಲ್ ಓಪನ್ ಆಗದೆ ಉಳಿದಿದ್ದ ಹಳೇ ಎರ್‌ನೋ ಅದು!

ಸೊನ್ನೆ ಬಂದ್ರೆ ಸಾಕೆಟ್ ಕ್ಲೋಸ್ ಮಾಡಿ, ಪೋಲ್ ಪಟ್ಟಿಯಿಂದ ತೆಗೀರಿ. ಇಲ್ಲದಿದ್ರೆ ಪೋಲ್ "ಓದೋಕೆ ಇದೆ" ಅಂತ ಹೇಳ್ತಾನೇ ಇರುತ್ತೆ. ನಿಮ್ಮ ಸ್ಕ್ರೀನ್ ಉರುಳೋದು ಅದಕ್ಕೇ.

ಬೈಟ್_ಬಸಪ್ಪ:
ಒಂದು ಸೇರಿಸ್ತೀನಿ. ಮೈನಸ್ 1 ಬಂದಾಗೆಲ್ಲ ಕ್ಲೈಂಟನ್ನ ಆಚೆ ಹಾಕಬೇಡಿ. ಈ-ಇಂಟರ್ ಆದ್ರೆ ಮಧ್ಯೆ ಸಿಗ್ನಲ್ ಬಂದು ಕೆಲಸ ತಪ್ಪಿದೆ ಅಷ್ಟೇ, ಮತ್ತೆ ಕರೀರಿ. ನಾನ್-ಬ್ಲಾಕಿಂಗ್ (ಕಾಯದೆ ವಾಪಸ್ ಬರೋ) ಸಾಕೆಟ್‌ನಲ್ಲಿ ಈ-ಅಗೇನ್ ಬಂದ್ರೆ ಸದ್ಯಕ್ಕೆ ಆಗಲ್ಲ ಅಂತ ಅಷ್ಟೇ, ಪೋಲ್‌ಗೆ ವಾಪಸ್ ಹೋಗಿ. ಮೇಲೆ ಹೇಳಿದ 32 ಅಥವಾ 104 (ರೀಸೆಟ್ ಆಯ್ತು ಅನ್ನೋ ಎರ್‌ನೋ) ಬಂದ್ರೆ ಆ ಸಂಪರ್ಕ ಮುಗೀತು.

ಹೊಸಬ_ಸಿ:
ಆಯ್ತು ಸರ್, ಎರಡೂ ಸರಿ ಹೋಯ್ತು! ಆದ್ರೆ ಈಗ ಕ್ಲೈಂಟ್‌ಗಳು ಇರೋವಾಗ ಸರ್ವರ್ ನಿಲ್ಲಿಸಿ ತಕ್ಷಣ ಶುರು ಮಾಡಿದ್ರೆ "ಅಡ್ರೆಸ್ ಆಲ್ರೆಡಿ ಇನ್ ಯೂಸ್" ಅಂತಿದೆ.

ಹಳೇಸಾಕೆಟ್:
ಮೊದಲು ಮುಚ್ಚಿದ ಕಡೆ ಹಳೇ ಸಂಪರ್ಕ ಟೈಮ್-ವೇಟ್ (ಮುಚ್ಚಿದ ಮೇಲೂ ಕಾಯೋ ಸ್ಥಿತಿ) ನಲ್ಲಿ 60 ಸೆಕೆಂಡ್ ಕೂತಿರುತ್ತೆ. ಸಾಕೆಟ್ ಸೆಟ್ಟಿಂಗ್ ಬದಲಿಸೋ ಸೆಟ್-ಸಾಕ್-ಆಪ್ಟ್‌ನಲ್ಲಿ ರಿಯೂಸ್-ಅಡ್ರ್ (ಅಡ್ರೆಸ್ ಮತ್ತೆ ಬಳಸೋಕೆ ಬಿಡೋದು) ಹಾಕಿ. ಅಡ್ರೆಸ್ ಹಿಡಿಯೋ ಬೈಂಡ್‌ಗೆ ಮೊದಲು, ಆಮೇಲೆ ಹಾಕಿದ್ರೆ ಪ್ರಯೋಜನ ಇಲ್ಲ.