ಶಾಲೆ ಸುತ್ತ ವೃತ್ತ ಎಳೆದರೆ ಅಸಮಾನತೆ ಕಾಣುತ್ತಲೇ ಇಲ್ಲ, ಏಕೆ?

ಪ್ರಶ್ನೆ: ಭೂಪಟ
ಒಂದೇ ನಗರದ ಸರ್ಕಾರಿ ಶಾಲೆಗಳ ನಡುವಿನ ಅಸಮಾನತೆಯನ್ನು ನಕ್ಷೆಯಲ್ಲಿ ತೋರಿಸಬೇಕು. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಪ್ರತಿ ಶಾಲೆಯ ಸುತ್ತ 1 ಕಿ.ಮೀ. ವೃತ್ತ ಎಳೆದು ಒಳಗಿನ ಮನೆಗಳ ಸರಾಸರಿ ಆದಾಯ ತೆಗೆದರೆ ಎಲ್ಲವೂ ಹೆಚ್ಚುಕಮ್ಮಿ ಒಂದೇ. ಮಕ್ಕಳ ಪರೀಕ್ಷಾ ಫಲಿತಾಂಶದಲ್ಲಿ ಮಾತ್ರ ಅಜಗಜಾಂತರ. ಎಲ್ಲಿ ತಪ್ಪುತ್ತಿದೆ? ಇನ್ನೊಂದು: ಮಗುವಿಗೆ ಇಷ್ಟು ಅಂತ ಎಲ್ಲ ಶಾಲೆಗೂ ಸಮ ಅನುದಾನ ಕೊಟ್ಟರೆ ಸಾಲದೆ, ನಗರ ಯೋಜನೆಯನ್ನೂ ನೋಡಲೇಬೇಕೆ?

ಗೆರೆಕೋಲು
ಮೊದಲು ವೃತ್ತ ಬಿಡಿ. ರೈಲು ಹಳಿಯೋ ಕಾಂಪೌಂಡ್ ಹಾಕಿದ ಬಡಾವಣೆಯೋ ಅಡ್ಡ ಬಂದರೆ ಕಣ್ಣಳತೆಯ 400 ಮೀಟರ್ ನಡೆದಾಗ ಒಂದೂವರೆ ಕಿಲೋಮೀಟರ್ ಆಗುತ್ತದೆ. ಭಾರತದ 2010ರ ಆರ್‌ಟಿಇ (ಶಿಕ್ಷಣ ಹಕ್ಕು) ನಿಯಮಗಳೂ 1ರಿಂದ 5ನೇ ತರಗತಿಗೆ 1 ಕಿ.ಮೀ. ಎನ್ನುವಾಗ ನಡಿಗೆಯ ದೂರವನ್ನೇ ಹೇಳುತ್ತವೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯ ರಸ್ತೆಗಳನ್ನು ಇಳಿಸಿಕೊಂಡು ಮೀಟರ್ ಲೆಕ್ಕದ ಯುಟಿಎಂ ಪ್ರೊಜೆಕ್ಷನ್‌ಗೆ ತನ್ನಿ. ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲೇ ಬಿಟ್ಟರೆ '1' ಅಂದರೆ ಸುಮಾರು 111 ಕಿ.ಮೀ.! ಶಾಲೆಯ ಬಿಂದುವನ್ನು ಕಟ್ಟಡದ ನಡುವೆ ಇಡಬೇಡಿ, ಗೇಟಿನ ಮೇಲಿಡಿ. ನೆಟ್‌ವರ್ಕ್ ಅನಾಲಿಸಿಸ್‌ನ ಸರ್ವಿಸ್ ಏರಿಯಾ (ರಸ್ತೆ ಹಿಡಿದು ಇಂತಿಷ್ಟು ದೂರದಲ್ಲಿ ಎಲ್ಲೆಲ್ಲಿ ತಲುಪಬಹುದೆಂದು ತೋರಿಸುವ ಸಾಧನ) ಕೊಡುವುದು ಗೆರೆಗಳನ್ನು, ಪ್ರದೇಶವನ್ನಲ್ಲ. ಅದಕ್ಕೆ ಕಾನ್ವೆಕ್ಸ್ ಹಲ್ (ಎಲ್ಲ ಗೆರೆಗಳನ್ನೂ ಬಳಸಿ ರಬ್ಬರ್ ಬ್ಯಾಂಡ್‌ನಂತೆ ಬಿಗಿದ ಹೊರಗೆರೆ) ಸುತ್ತಿದಿರೋ, ಹಳಿಯಾಚೆಯ ಮನೆಗಳು ಮತ್ತೆ ಒಳಗೆ ಬಂದು ಕೂರುತ್ತವೆ. ಗೆರೆಗಳ ಸುತ್ತ 40-50 ಮೀಟರ್ ಬಫರ್ (ಪಟ್ಟಿ) ಸಾಕು. ಪಾದಚಾರಿ ಸೇತುವೆಗಳು ನಕ್ಷೆಯಲ್ಲಿ ಬಿಟ್ಟುಹೋಗಿರುತ್ತವೆ, ಕೈಯಾರೆ ಸೇರಿಸಬೇಕು.

ಪ್ರವೇಶ ಗಡಿ (ಈ ಪ್ರದೇಶದ ಮಕ್ಕಳಿಗೆ ಈ ಶಾಲೆ ಎಂದು ಎಳೆದ ಗೆರೆ) ಇರುವ ಊರಾದರೆ ಇದ್ಯಾವುದೂ ಬೇಡ, ಆ ಗಡಿಯ ಆಕಾರವನ್ನೇ (ಪಾಲಿಗನ್) ಬಳಸಿ. ಸರಾಸರಿಯ ಬದಲು ಬಡ ಕುಟುಂಬಗಳ ಪಾಲು ನೋಡಿ: ಹತ್ತು ಬಂಗಲೆ ಸೇರಿದರೆ ನೂರು ಗುಡಿಸಲು ಸರಾಸರಿಯಲ್ಲಿ ಮುಚ್ಚಿಹೋಗುತ್ತವೆ.

ಸೈಟುಲೆಕ್ಕ
ಎರಡನೇ ಪ್ರಶ್ನೆಗೆ: ನೋಡಲೇಬೇಕು. ಶಾಲೆ ಉಚಿತ ಇರಬಹುದು, ಗಡಿಯೊಳಗಿನ ಮನೆ ಉಚಿತವಲ್ಲವಲ್ಲ. ಒಂದು ಎಕರೆ 43,560 ಚದರಡಿ. ಕನಿಷ್ಠ ಸೈಟು ಒಂದು ಎಕರೆ ಎಂಬ ನಿಯಮವಿದ್ದರೆ ಅಲ್ಲಿ ಒಂದೇ ಮನೆ. 5,000 ಚದರಡಿಗೆ ಇಳಿಸಿ, ರಸ್ತೆಗೆ ಶೇ 30 ಬಿಟ್ಟರೂ ಆರು ಮನೆ. ಶಾಲೆಯ ಹೆಸರೇ ಎತ್ತದ ಈ ನಿಯಮವೇ ಯಾರ ಮಕ್ಕಳು ಬರಬೇಕೆಂದು ತೀರ್ಮಾನಿಸಿಬಿಡುತ್ತದೆ.

ಆಸ್ತಿ ತೆರಿಗೆಯಿಂದ ಶಾಲೆ ನಡೆಯುವ ಅಮೆರಿಕದಲ್ಲಿ ಪೆಟ್ಟು ದುಪ್ಪಟ್ಟು. ಈ ಪದ್ಧತಿಯನ್ನೇ ಪ್ರಶ್ನಿಸಿದ 1973ರ ರೋಡ್ರಿಗೆಜ್ ಪ್ರಕರಣದ ದಾಖಲೆ ನೋಡಿ. ಟೆಕ್ಸಸ್‌ನ ಬಡ ಶಾಲಾ ಜಿಲ್ಲೆ ಎಜ್‌ವುಡ್ 100 ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಹಾಕಿಯೂ, ರಾಜ್ಯಕ್ಕೆ ಸಲ್ಲುವ ಪಾಲು ಕಳೆದ ಮೇಲೆ ಮಗುವಿಗೆ ಉಳಿದದ್ದು 26 ಡಾಲರ್. ಶ್ರೀಮಂತ ಶಾಲಾ ಜಿಲ್ಲೆ ಆಲಮೊ ಹೈಟ್ಸ್ ಬರೀ 85 ಸೆಂಟ್‌ಗೆ 333 ಡಾಲರ್ ಎತ್ತಿತು. ಆದರೂ ಸುಪ್ರೀಂ ಕೋರ್ಟ್ 5-4ರಲ್ಲಿ ಈ ಪದ್ಧತಿಯನ್ನು ಎತ್ತಿಹಿಡಿಯಿತು. ಮರುವರ್ಷ ಅದೇ ಕೋರ್ಟಿನ ಮಿಲಿಕನ್ ತೀರ್ಪು ಡೆಟ್ರಾಯಿಟ್ ಮತ್ತು ಉಪನಗರಗಳ ಮಕ್ಕಳನ್ನು ಗಡಿ ದಾಟಿಸಿ ಬೆರೆಸುವ ಯೋಜನೆಯನ್ನೂ ತಳ್ಳಿಹಾಕಿತು. ಹಣವೂ ಗಡಿ ದಾಟಲಿಲ್ಲ, ಮಕ್ಕಳೂ ದಾಟಲಿಲ್ಲ.

ಭೂಪಟ
@ಸೈಟುಲೆಕ್ಕ, ಹಾಗಾದರೆ ಅನುದಾನ ಸಮ ಮಾಡಿದರೆ ಅರ್ಧ ಕೆಲಸ ಮುಗಿದಂತಲ್ಲವೇ?

ಮೂಲೆನಿವೇಶನ
@ಭೂಪಟ, ಹಣವೊಂದೇ ಸಾಲದು. ಅಮೆರಿಕದ ಮೇರಿಲ್ಯಾಂಡ್‌ನ ಮಾಂಟ್‌ಗೊಮರಿ ಕೌಂಟಿ (ಜಿಲ್ಲೆಯಂಥದ್ದು) ನೋಡಿ. ದೊಡ್ಡ ಬಡಾವಣೆಗಳಲ್ಲಿ ಒಂದಿಷ್ಟು ಮನೆ ಕೈಗೆಟುಕುವ ಬೆಲೆಗೆ ಇರಬೇಕೆಂದು 1974ರಲ್ಲೇ ಕಾನೂನು ಮಾಡಿದರು. ಅದರಲ್ಲಿ ಕೆಲವನ್ನು ವಸತಿ ಸಂಸ್ಥೆಯೇ ಕೊಂಡು ಬಡ ಕುಟುಂಬಗಳಿಗೆ ಲಾಟರಿಯಂತೆ ಹಂಚಿತು. ಸಂಶೋಧಕಿ ಹೆದರ್ ಶ್ವಾರ್ಟ್ಸ್ 2010ರಲ್ಲಿ ಹೋಲಿಸಿದಾಗ, ಉಳ್ಳವರ ಮಕ್ಕಳೇ ಹೆಚ್ಚಿರುವ ಶಾಲೆಗೆ ಬಿದ್ದ ಬಡ ಮಕ್ಕಳು ಹೆಚ್ಚುವರಿ ಹಣ ಸುರಿದ ಶಾಲೆಗಳ ಬಡ ಮಕ್ಕಳಿಗಿಂತ ಮುಂದಿದ್ದರು, ಅದರಲ್ಲೂ ಗಣಿತದಲ್ಲಿ. ಹಣ ದಂಡ ಅಂತ ಓದಿಕೊಳ್ಳಬೇಡಿ, ಅದು ಶ್ರೀಮಂತ ಕೌಂಟಿ, ಅಲ್ಲಿನ ಲೆಕ್ಕ ಎಲ್ಲ ಕಡೆಗೂ ಹೊಂದದು.

ಯೋಜಕರು ಎಡವುವುದು ಸಾಮಾನ್ಯವಾಗಿ ಶಾಲೆಯ ಜಾಗದಲ್ಲಿ. 1929ರಲ್ಲಿ ಅಮೆರಿಕದ ಯೋಜಕ ಕ್ಲಾರೆನ್ಸ್ ಪೆರಿ ಹೇಳಿದ ನೆರೆಹೊರೆ ಘಟಕದಲ್ಲಿ ನಡುವೆ ಶಾಲೆ, ಅಂಚಿಗೆ ಮುಖ್ಯರಸ್ತೆ. ನಡೆದು ಹೋಗಲು ಅನುಕೂಲ, ನಿಜ. ಆದರೆ ಒಂದು ಬಡಾವಣೆ ಎಂದರೆ ಒಂದೇ ಆದಾಯದವರು, ಹಾಗಾಗಿ ಶಾಲೆಯೂ ಅವರದ್ದೇ. ಎರಡು ಬಗೆಯ ಬಡಾವಣೆ ಕೂಡುವ ಅಂಚಿಗೆ ಶಾಲೆ ತಂದು, ಎರಡೂ ಕಡೆ ಗೇಟಿಟ್ಟು, ರಸ್ತೆ ದಾಟಲು ಸಿಗ್ನಲ್ ಹಾಕಿ. ಸಿಗ್ನಲ್ ಮರೆತರೆ ಆಚೆ ಕಡೆಯ ಗೇಟು ಬೀಗ ಹಾಕಿಯೇ ಇರುತ್ತದೆ.