ಅಪ್‌ಡೇಟ್: ಕಾರಿನ ಹೊಸ ಸ್ಟಿರಿಯೊ ಮರೆವಿನ ಕಾಯಿಲೆ ವಾಸಿಯಾಯ್ತು

ಹೋದ ವಾರ ಕೇಳಿದ್ದೆ: ಹಳೆ ಕಾರಿನ ಕಂಪನಿ ಸ್ಟಿರಿಯೊ ಬಿಚ್ಚಿ ನಾನೇ ಹೊಸದು ಹಾಕಿದೆ, ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ನು ಎಲ್ಲ ಅಳಿಸಿಹೋಗುತ್ತೆ ಅಂತ.

ಫ್ಯೂಸ್ ನೋಡಿ ಅಂದ್ರಿ, ಸರಿಯಾಗೇ ಇತ್ತು. ಬ್ಯಾಟರಿ ಬದಲಿಸಿ ಅಂದವರ ಮಾತು ಕೇಳದಿದ್ದದ್ದೇ ಒಳ್ಳೇದಾಯ್ತು, ದುಡ್ಡು ಉಳೀತು! ಕೆಲಸ ಮಾಡಿದ್ದು ಹಳದಿ-ಕೆಂಪು ವೈರ್ ಅದಲುಬದಲು ಮಾಡಿ ಅನ್ನೋ ಸಲಹೆ. ಹಳದಿಗೆ ಸದಾ 12 ವೋಲ್ಟ್ ಬರಬೇಕು, ನೆನಪು ಉಳಿಯೋದು ಅದರಿಂದ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ವೋಲ್ಟ್ ಅಳೆಯೋ ಮಲ್ಟಿಮೀಟರ್ ಹಿಡಿದು ನೋಡಿದ್ರೆ ನನ್ನ ಕಾರಲ್ಲಿ ಪೂರ್ತಿ ಉಲ್ಟಾ. ಬ್ಯಾಟರಿ ನೆಗೆಟಿವ್ ಕಳಚಿಟ್ಟು ವೈರ್ ಬದಲಿಸಿದೆ, ಹತ್ತೇ ನಿಮಿಷ.

ಗೊತ್ತಿಲ್ಲದ ಇನ್ನೊಂದು ವಿಷಯ ಸಿಕ್ತು. ಬೆಂಗಳೂರಲ್ಲೇ ಇದ್ದೂ ಎಫ್‌ಎಂ ಸ್ಟೇಷನ್ 101.3 ರೇನ್‌ಬೋ ಬರೀ ಗೊರಗೊರ ಅಂತಿತ್ತು, ಸ್ಟಿರಿಯೊನೇ ಡಬ್ಬಾ ಅಂದ್ಕೊಂಡಿದ್ದೆ. ನೋಡಿದ್ರೆ ಕಾರಿನ ಆಂಟೆನಾದೊಳಗೆ ಸಿಗ್ನಲ್ ಜೋರು ಮಾಡೋ ಪುಟ್ಟ ಆಂಪ್ಲಿಫೈಯರ್ ಇದೆ, ಅದಕ್ಕೂ ಕರೆಂಟು ಬೇಕು! ಸುಮ್ಮನೆ ಟೇಪ್ ಸುತ್ತಿ ಬಿಟ್ಟಿದ್ದ, ಸ್ಟಿರಿಯೊದಿಂದ ಆಂಟೆನಾಗೆ ಕರೆಂಟು ಕೊಡೋ ನೀಲಿ ವೈರನ್ನ ಆಂಟೆನಾ ಅಡಾಪ್ಟರ್‌ಗೆ ಕೊಟ್ಟೆ, ಈಗ ಸ್ವಚ್ಛ.

ಡ್ಯಾಶ್‌ಬೋರ್ಡಿನ ಎರಡು ಕ್ಲಿಪ್ಪು ಮಾತ್ರ ಮುರಿದ್ವು. ರಸ್ತೇಲಿ ಗುಂಡಿ ಬಂದಾಗ ಕಟಕಟ ಅನ್ನುತ್ತೆ, ಸದ್ಯಕ್ಕೆ ವಾಲ್ಯೂಮ್ ಜಾಸ್ತಿ ಮಾಡ್ಕೊತಿದೀನಿ.